ಅಣ್ಣಯ್ಯ ಎಂದರೆ ಯಾರು?

ಮೃತ್ಯುಂಜಯನಿಗೆ,

ಚಿರಂಜೀವಿ ಎಂದು ಬರೆದು ಕಾಗದ ಶುರು ಮಾಡುವುದು ನನ್ನ ರೂಢಿ. ಈ ಸಲ ಕೈ ಬರಲಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಾನು ಎರಡು ಮಾತು ಆಡುವುದರೊಳಗೆ ನೀನು ನಾಲ್ಕು ಸೆಕ್ಷನ್ ಹೇಳಿ ಬಾಯಿ ಮುಚ್ಚಿಸುತ್ತೀಯ. ಕಾಗದಕ್ಕೆ ನಿನ್ನ ಅಡ್ಡಮಾತು ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬರುವ ಗುರುವಾರ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಧರ್ಮನ ಸರದಿ. ಏಳು ವರ್ಷದ ಮಗು. ಅವನ ತಾಯಿ ಶಿವಲೀಲಾಳನ್ನು ಕೊಂದ ಆರೋಪದಲ್ಲಿ ಅವನ ತಂದೆ ದಯಾನಂದ ಜೈಲಿನಲ್ಲಿದ್ದಾನೆ, ಆ ದಯಾನಂದನ ವಕೀಲ ನೀನು. ಹೋದ ತಿಂಗಳು ಧರ್ಮನ ಅಕ್ಕ ಸ್ನೇಹಾಳನ್ನು ನೀನು ಹೇಗೆ ಪ್ರಶ್ನಿಸಿದೆ ಎಂಬುದನ್ನು ನಾನು ಮೂರು ಅಡಿ ದೂರದಲ್ಲಿ ಕೂತು ನೋಡಿದ್ದೇನೆ. ಜಡ್ಜ್ ಸಾಹೇಬರು ಹಾಲ್ ಖಾಲಿ ಮಾಡಿಸಿ, ಮಗುವಿನ ಧೈರ್ಯಕ್ಕೆ ಅವಳ ಟೀಚರ್ ಪಕ್ಕದಲ್ಲಿರಲಿ ಎಂದು ನನ್ನನ್ನು ಕೂರಿಸಿದ್ದರು. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ನಿನ್ನನ್ನು ನೆನೆಸಿಕೊಂಡರೆ ಹೇಸಿಗೆಯಾಗುತ್ತದೆ ಕಣೋ. ಒಡಹುಟ್ಟಿದವನ ಬಗ್ಗೆ ಹೀಗೆ ಬರೆಯುವ ದಿನ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ನಡೆದದ್ದನ್ನು ಒಮ್ಮೆ ಇದ್ದಹಾಗೇ ಹೇಳುತ್ತೇನೆ, ಕೇಳಿಸಿಕೋ. ಕೋರ್ಟಿನಲ್ಲಿ ನೀನು ಹೇಳಿದ್ದು ಬೇರೆ ತರಹ ಇತ್ತು. ಹೋದ ವರ್ಷ ಸಂತೆಯ ದಿನ ಮಧ್ಯಾಹ್ನ, ಹೆತ್ತೂರಿನ ಈಚೆಗಿರುವ ದಯಾನಂದನ ಎಸ್ಟೇಟಿನಲ್ಲಿ ಲೈನ್ ಮನೆಗಳಲ್ಲಿರುವ ಆಳುಗಳು ಯಾರೂ ಇರಲಿಲ್ಲ. ಸ್ಟೋರಿನೊಳಗೆ ಕಾಫಿ ಮೂಟೆಗಳ ಸಂದಿಯಲ್ಲಿ ಮಕ್ಕಳಿಬ್ಬರೂ ಕಣ್ಣುಮುಚ್ಚಾಲೆ ಆಡುತ್ತಿದ್ದರು. ಗಂಡ ಹೆಂಡತಿ ಜಗಳವಾಡುತ್ತ ಒಳಗೆ ಬಂದರು. ಬಾಗಿಲ ಹಿಂದಿದ್ದ ಕಬ್ಬಿಣದ ಸರಳನ್ನು ಅವನು ತೆಗೆದುಕೊಂಡದ್ದನ್ನು ಇಬ್ಬರು ಮಕ್ಕಳೂ ನೋಡಿದರು. ಸಂಜೆ ಬಂದ ಎಸ್‌ಐ ಹೊರ ಜಿಲ್ಲೆಯವನು, ಬಂದು ವಾರವೂ ಆಗಿರಲಿಲ್ಲ. ಯಾರಮ್ಮಾ ಹೊಡೆದದ್ದು ಎಂದು ಕೇಳಿದ್ದಕ್ಕೆ ಸ್ನೇಹಾ, "ಅಣ್ಣಯ್ಯ ಅಮ್ಮಂಗೆ ಹೊಡ್ದುಬುಟ್ಟ" ಅಂದಳು. ಎಸ್ಟೇಟಿನ ಜೀಪು ಓಡಿಸುವವನ ಹೆಸರು ಅಣ್ಣಯ್ಯ. ಕತ್ತಲಾಗುವುದರೊಳಗೆ ಆ ಬಡಪಾಯಿಯ ಕೈಗೆ ಕೋಳ ಬಿತ್ತು.

ಒಂಬತ್ತು ದಿನ ಟೀವಿಯಲ್ಲಿ ಅವನದೇ ಮುಖ. ದಯಾನಂದ ಮೈಕುಗಳ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದ. ಶಿವಲೀಲಾಳ ತಾಯಿ ಮಾದೇವಮ್ಮ ಮಕ್ಕಳನ್ನು ಆಲೂರಿನ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಒಂದು ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತ ಸ್ನೇಹಾ ಕೇಳಿದಳಂತೆ, "ಅಜ್ಜಿ, ಜೀಪ್ ಮಾವನ್ನ ಯಾಕೆ ಹಿಡ್ಕೊಂಡೋದ್ರು? ಹೊಡ್ದಿದ್ದು ಅಣ್ಣಯ್ಯ ಅಲ್ವಾ?" ಡ್ರೈವರನ ಹೆಸರು ಏನೆಂದು ಆ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಅವರಿಗೆ ಅಣ್ಣಯ್ಯ ಎಂದರೆ ಅಪ್ಪ. ಮಾದೇವಮ್ಮ ಬಾಚಣಿಗೆ ಕೆಳಗಿಟ್ಟಳಂತೆ. ಅವತ್ತೇ ಮಕ್ಕಳನ್ನು ಕರೆದುಕೊಂಡು ಪೊಲೀಸಿನ ದೊಡ್ಡ ಸಾಹೇಬರ ಹತ್ತಿರ ಹೋದಳು. ಡ್ರೈವರ್ ಬಿಡುಗಡೆಯಾದ, ದಯಾನಂದ ಒಳಗೆ ಹೋದ.

ಆ ಒಂಬತ್ತು ದಿನ ನಾನೇನು ಮಾಡುತ್ತಿದ್ದೆ ಎಂದು ಕೇಳು. ಪೇಪರಿನಲ್ಲಿ ಡ್ರೈವರ್ ಅಣ್ಣಯ್ಯನ ಬಂಧನ ಎಂದು ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಪೋಷಕರ ಸಭೆಯ ದಿನ ಸ್ನೇಹಾ ಅಪ್ಪನ ಕೈ ಜಗ್ಗಿ, "ಅಣ್ಣಯ್ಯ ಬಾ, ನನ್ ಡ್ರಾಯಿಂಗ್ ನೋಡು" ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಆದರೂ ಬಾಯಿ ಬಿಡಲಿಲ್ಲ. ದಯಾನಂದ ನಮ್ಮ ಶಾಲೆಯ ಸಮಿತಿಯ ಅಧ್ಯಕ್ಷ, ನನಗ್ಯಾಕೆ ದೊಡ್ಡವರ ಉಸಾಬರಿ ಎಂದು ಮಕ್ಕಳಿಗೆ ಮಗ್ಗಿ ಹೇಳಿಸುತ್ತ ಕೂತೆ. ಸ್ಟೇಷನ್ನಿನಲ್ಲಿ ತಿಂದ ಏಟಿಗೆ ಜೀಪಿನ ಅಣ್ಣಯ್ಯನಿಗೆ ಈಗಲೂ ಬಲಗೈ ಮುಷ್ಟಿ ಕಟ್ಟಲು ಬರುವುದಿಲ್ಲ. ಎದುರಿಗೆ ಸಿಕ್ಕರೆ, "ಚೆನ್ನಾಗಿದ್ದೀರಾ ಮೇಡಮ್ಮೋರೆ" ಎಂದು ಎಡಗೈ ಎತ್ತುತ್ತಾನೆ. ನನಗೆ ನನ್ನ ಮೇಲೇ ಉಗಿದುಕೊಳ್ಳುವ ಹಾಗಾಗುತ್ತದೆ.

ಆದರೆ ನೀನು ಮಾಡಿದ್ದು ನನ್ನ ಹೇಡಿತನವನ್ನೂ ಮೀರಿಸಿತು. "ಪುಟ್ಟಿ, ಮೊದಲು ಪೊಲೀಸರಿಗೆ ಅಣ್ಣಯ್ಯ ಅಂದೆ. ಆಮೇಲೆ ಅಪ್ಪ ಅಂದೆ. ಎರಡರಲ್ಲಿ ಯಾವುದು ಸುಳ್ಳು?" ಎಂದು ಕೇಳಿದೆ, ಎಷ್ಟು ನಯವಾಗಿ. ಅವಳು, "ಎರಡೂ ಒಂದೇ ಅಲ್ವಾ ಸಾರ್? ನಾವು ಅಪ್ಪಂಗೆ ಅಣ್ಣಯ್ಯ ಅಂತೀವಿ" ಅಂದಳು. ನೀನು ನಕ್ಕೆ. ಸ್ನೇಹಾಳ ಶಾಲೆಯ ಪುಸ್ತಕವನ್ನು ತೆಗೆದು "ನನ್ನ ಅಪ್ಪ" ಎಂಬ ಪ್ರಬಂಧ ತೋರಿಸಿ, ಬರೆಯುವಾಗ ಅಪ್ಪ ಇದ್ದವನು ಹೇಳುವಾಗ ಅಣ್ಣಯ್ಯ ಆದದ್ದು ಹೇಗೆ, ಅಜ್ಜಿ ಹೇಳಿಕೊಟ್ಟಳಾ ಎಂದು ಆರು ಸಲ ಕೇಳಿದೆ. ಆ ಶೀರ್ಷಿಕೆಯನ್ನು ಬೋರ್ಡಿನ ಮೇಲೆ ಬರೆದವಳು ನಾನು, ಇಡೀ ಕ್ಲಾಸಿನ ಮಕ್ಕಳು ಅದನ್ನೇ ನೋಡಿ ಬರೆದುಕೊಂಡವು. ಹೇಳೋಣವೆಂದರೆ ನಾನು ಮಾತಾಡುವ ಹಾಗಿರಲಿಲ್ಲ. ಆಮೇಲೆ ನೀನು ಜಡ್ಜ್ ಕಡೆ ತಿರುಗಿ, "ಸ್ವಾಮಿ, ನಾನೂ ಇದೇ ಸೀಮೆಯವನು. ತಂದೆಯನ್ನು ಅಣ್ಣಯ್ಯ ಅನ್ನುವ ಮನೆಯನ್ನು ನಾನು ಕಂಡಿಲ್ಲ" ಅಂದೆ.

ನಾನು ಅಲ್ಲೇ ಕೂತಿದ್ದೆ, ಮೃತ್ಯುಂಜಯ. ನನ್ನ ಕಡೆ ನೀನು ನೋಡಲಿಲ್ಲ.

 ಸ್ನೇಹಾಳ ಲಂಗ ಒದ್ದೆಯಾಗಿತ್ತು. ಹನ್ನೊಂದು ವರ್ಷದ ಹುಡುಗಿ, ನಾಚಿಕೆಯಿಂದ ನನ್ನ ಸೆರಗಿನೊಳಗೆ ತಲೆ ಹುದುಗಿಸಿಕೊಂಡಳು. ನನ್ನ ಶಾಲು ಸುತ್ತಿ ಹಿಂಬಾಗಿಲಿನಿಂದ ಕರೆತಂದೆ. ಮುಂಬಾಗಿಲಿನಲ್ಲಿ ನೀನು ಟೀವಿಯವರಿಗೆ, ಮಗುವಿನ ಬಾಯಲ್ಲಿ ಯಾರೋ ಮಾತು ತುರುಕಿದ್ದಾರೆ ಎಂದು ಹೇಳುತ್ತಿದ್ದೆ. ಸಂಜೆ ನನಗೇ ಫೋನ್ ಮಾಡಿ, "ಹೆಂಗಿತ್ತಕ್ಕ? ಮನ್ಸಿಗ್ ಹಚ್ಕೋಬೇಡ, ಅದು ನಮ್ ಕೆಲ್ಸ" ಅಂದೆಯಲ್ಲ, ಆಗ ನಾನು ಫೋನ್ ಇಟ್ಟುಬಿಟ್ಟೆ.

ಮರುದಿನ ದೋಣಿಗಲ್‌ನಲ್ಲಿ ಮದುವೆ. ಹೋಗದಿದ್ದರೆ ಬಳಗದವರು ಆಡಿಕೊಳ್ಳುತ್ತಾರೆಂದು ಹೋದೆ. ಊಟದ ಪಂಕ್ತಿಯಲ್ಲಿ ನಮ್ಮ ಬಳಗದ ಹುಡುಗ ವಸಂತ ಹೋಳಿಗೆ ಬಡಿಸುತ್ತ, "ಅಕ್ಕ, ನಿಮ್ ತಮ್ಮ ಆ ಹುಡ್ಗೀನ ಏನ್ ಚೆನ್ನಾಗ್ ಸುಲ್ದುಬುಟ್ರು! ಟೀವಿಲಿ ನೋಡ್ದೆ" ಅಂದ. ಪಕ್ಕದ ಎಲೆಯವಳು ತುಪ್ಪ ಹಾಕಿಸಿಕೊಳ್ಳುತ್ತ, "ರಕ್ತ ನೋಡಿದ್ರೂ ಆ ಹುಡ್ಗಿ ಕಿರುಚ್ಲಿಲ್ವಂತೆ, ಹೌದಾ ಟೀಚರ್?" ಎಂದು ಕೇಳಿದಳು. ಟೀವಿಯಲ್ಲಿ ಎಲ್ಲಿಂದಲೋ ತಂದ ಫೋಟೋದಲ್ಲಿ ಮಗುವಿನ ಕಣ್ಣಷ್ಟೇ ಮಸುಕು ಮಾಡಿ, ನಮ್ಮ ಶಾಲೆಯ ಟೈ ಸಮೇತ ತೋರಿಸಿದ್ದರಂತೆ. ಎಲೆ ಬಿಟ್ಟು ಎದ್ದು ಬಂದೆ. ಶಿವಲೀಲಾಳ ಸಾವನ್ನು ಹೋಳಿಗೆಯ ಜೊತೆ ನಂಚಿಕೊಳ್ಳುವ ಇವರ ಮಧ್ಯೆ ಆ ಮಕ್ಕಳು ಬೆಳೆಯಬೇಕು.

ನಮ್ಮ ಮನೆಯನ್ನು ನೀನು ಕಂಡಿಲ್ಲವೇನೋ? ಅಪ್ಪ ನಂಜುಂಡಯ್ಯನವರ ತಮ್ಮಂದಿರು, ತಂಗಿಯರು ಅವರನ್ನು ಅಣ್ಣಯ್ಯ ಅನ್ನುತ್ತಿದ್ದರು, ಕೇಳಿ ಕೇಳಿ ನಮಗೂ ಅದೇ ಬಾಯಿಗೆ ಬಂತು. ಬಿಸಿಲೆಯ ಹಾದಿಯಲ್ಲಿ ಕಾಲು ನೋವೆಂದು, "ಅಣ್ಣಯ್ಯ, ಎತ್ಕೋ" ಎಂದು ರಚ್ಚೆ ಹಿಡಿದು ಅವರ ಹೆಗಲೇರುತ್ತಿದ್ದವನು ಯಾರು? ಅವರನ್ನು ಸಮಾಧಿಗೆ ಇಳಿಸುವಾಗ "ಅಣ್ಣಯ್ಯಾ" ಎಂದು ಕೂಗಿಕೊಂಡು ಗುಂಡಿಗೆ ಬೀಳಲು ಹೋದವನ ಸೊಂಟ ಹಿಡಿದು ಎಳೆದದ್ದು ನಾನೇ. ಆ ಕೂಗನ್ನು ಕೇಳಿದವರು ಇನ್ನೂ ಬದುಕಿದ್ದಾರೆ.

ವೃತ್ತಿ ಅನ್ನುತ್ತೀಯ. ಆರೋಪಿಗೂ ವಕೀಲ ಬೇಕು ಎಂಬುದು ನನಗೂ ಗೊತ್ತು, ಬೇಡವೆಂದು ನಾನು ಹೇಳುವುದಿಲ್ಲ. ಸರಳಿನ ಬಗ್ಗೆ ಕೇಳು, ಬೆಳಕಿನ ಬಗ್ಗೆ ಕೇಳು, ಪೊಲೀಸರನ್ನು ಜಾಲಾಡು. ನಿನಗೆ ನಿಜವೆಂದು ಗೊತ್ತಿರುವುದನ್ನೇ ಮಗುವಿನ ಸುಳ್ಳು ಅನ್ನಬೇಡ. ದಯಾನಂದ ಬಿಡುಗಡೆಯಾದರೆ ಈ ಮಕ್ಕಳನ್ನು ಅವನ ಮನೆಗೇ ಕಳಿಸುತ್ತಾರೆ. ಅವನ ವಿರುದ್ಧ ಸಾಕ್ಷಿ ಹೇಳಿದ ಮಕ್ಕಳು ಅವನ ಜೊತೆ ಒಂದೇ ಸೂರಿನಡಿ ಇರುವುದನ್ನು ಒಂದು ಗಳಿಗೆ ಯೋಚಿಸಿ ನೋಡು. ಸ್ನೇಹಾ ಈಗ ಅಣ್ಣಯ್ಯ ಅನ್ನುವುದನ್ನೂ ಬಿಟ್ಟಿದ್ದಾಳೆ, ಅಪ್ಪ ಅನ್ನುವುದನ್ನೂ ಬಿಟ್ಟಿದ್ದಾಳೆ. ತಮ್ಮನಿಗೆ, "ನೀನು ಏನೂ ಹೇಳ್ಬೇಡ ಕಣೋ, ಅವ್ರು ನಗ್ತಾರೆ" ಎಂದು ಹೇಳಿಕೊಡುತ್ತಿದ್ದಾಳೆ.

ಈಗ ನಾನು ಮಾಡಿರುವುದನ್ನು ಕೇಳು. ಸೋಮವಾರ ಹಾಸನಕ್ಕೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ, ಪಬ್ಲಿಕ್ ಪ್ರಾಸಿಕ್ಯೂಟರನ್ನು ಕಂಡೆ. ನನ್ನನ್ನು ಸಾಕ್ಷಿಯಾಗಿ ಕರೆಸಲು ಅವರು ಅರ್ಜಿ ಹಾಕಿದ್ದಾರೆ. ಸಾಕ್ಷಿಯಾದವಳು ಒಳಗೆ ಕೂರುವಂತಿಲ್ಲವಂತೆ, ಹಾಗಾಗಿ ಗುರುವಾರ ಧರ್ಮನ ಪಕ್ಕ ನಾನಿರುವುದಿಲ್ಲ, ಮಾದೇವಮ್ಮ ಇರುತ್ತಾಳೆ. ಮಗು ಎರಡು ಸಲ ಕೇಳಿತು, "ಟೀಚರ್, ನೀವು ಬರಲ್ವಾ?" ಎಂದು. ಹೊರಗಿರ್ತೀನಿ ಕಣೋ ಅಂದೆ.

ಅವರ ಕೈಗೆ ಒಂದು ಕಾಗದವನ್ನೂ ಕೊಟ್ಟು ಬಂದಿದ್ದೇನೆ. ಆರನೇ ಕ್ಲಾಸಿನಲ್ಲಿ ನೀನು ಹಾಸ್ಟೆಲಿನಿಂದ ಬರೆದ ಇನ್‌ಲ್ಯಾಂಡ್ ಲೆಟರ್, ಅಪ್ಪನ ಪೆಟ್ಟಿಗೆಯಲ್ಲಿತ್ತು. "ತೀರ್ಥರೂಪು ಅಣ್ಣಯ್ಯನವರಿಗೆ ನಿಮ್ಮ ಮಗ ಮೃತ್ಯುಂಜಯ ಮಾಡುವ ನಮಸ್ಕಾರಗಳು. ದೊಡ್ಡ ಹುಡುಗರು ನನಗೆ ಹೊಡೆಯುತ್ತಾರೆ. ವಾರ್ಡನ್ ಸಾರ್ ನನ್ನ ಮಾತು ನಂಬುವುದಿಲ್ಲ, ಸುಳ್ಳ ಅನ್ನುತ್ತಾರೆ. ಅಣ್ಣಯ್ಯ, ನೀನು ಬಂದು ಹೇಳು." ಕಾಗದ ತಲುಪಿದ ಮರುದಿನವೇ ಅವರು ಮೊದಲನೇ ಬಸ್ಸಿಗೆ ಹೊರಟಿದ್ದರು.

ಕಟಕಟೆಯಲ್ಲಿ ನಿಂತಾಗ ನನ್ನನ್ನು ಪಾಟಿ ಸವಾಲು ಮಾಡಬೇಕಾದವನು ನೀನೇ. ಆ ಅಕ್ಷರ ಯಾರದ್ದು ಎಂದು ನನ್ನ ಕಣ್ಣು ನೋಡಿಕೊಂಡು ಕೇಳು. ಅದಕ್ಕೆ ಮುಂಚೆ, ಗುರುವಾರ, ಧರ್ಮನಿಗೆ ಆ ಪ್ರಶ್ನೆ ಕೇಳದೆ ಬಿಡುವ ಅವಕಾಶ ನಿನಗಿನ್ನೂ ಇದೆ.

ನೂರು ವರ್ಷ ಬಾಳು, ಮೈಕೈ ಗಟ್ಟಿಯಾಗಿರಲಿ. ಈ ಕೇಸನ್ನು ಮಾತ್ರ ಸೋಲು ಎಂದು ಮನಸಾರೆ ಹರಸುವ,

ಸರ್ಕಾರದ ಪರ ಸಾಕ್ಷಿ,
ನಿನ್ನ ಅಕ್ಕ
ಪಂಕಜಾಕ್ಷಿ