ಸಿಟ್ಟು ಬರುತ್ತದೆಯೇ ಎಂದು ಕೇಳಿದ ಹಾಳೆ

ಮಾರ್ಚ್ ೧೧, ಮಂಗಳವಾರ

ನಮ್ಮ ಗಾರ್ಮೆಂಟ್ಸ್‌ನವರು ಇಸ್ತ್ರಿ ಕೋಣೆಗೆ ಫ್ಯಾನು, ಕೂರಲು ಸ್ಟೂಲು ಕೊಡುತ್ತೇವೆಂದರು. ಎರಡೂ ಬರಲಿಲ್ಲ. ಕಳೆದ ವಾರ ಬಂದವನು ಮನಶ್ಶಾಸ್ತ್ರದ ಮೇಷ್ಟ್ರು. ದುಡಿಯುವ ಹುರುಪು ಒಳಗಿನಿಂದಲೇ ಹುಟ್ಟಬೇಕಂತೆ! ಪಾಠ ಮುಗಿಸಿ ವ್ಯಕ್ತಿತ್ವ ಪರೀಕ್ಷೆಯ ಹಾಳೆ ಹಂಚಿದ. 'ನಿಮಗೆ ಬೇಗ ಸಿಟ್ಟು ಬರುತ್ತದೆಯೇ?' ಎಂಬ ಪ್ರಶ್ನೆಯಿತ್ತು. ಹೆದರದೆ ನಿಜ ಬರೆಯಿರಿ ಎಂದು ಕಾರ್ಮಿಕ ಸಂಘದ ಪರವಾಗಿ ಎಲ್ಲರಿಗೂ ಹೇಳಿದವಳು ನಾನೇ.

ಇವತ್ತು, 'ಹೌದು' ಎಂದು ಬರೆದಿದ್ದ ಇಸ್ತ್ರಿ ಕೋಣೆಯ ಅಕ್ಕನನ್ನು 'ಭಾವನೆ ಹತೋಟಿಯಲ್ಲಿಲ್ಲ' ಎಂದು ಕೆಲಸದಿಂದ ತೆಗೆದರು.

"ಆ ಉಗಿಯಲ್ಲಿ ಎಂಟು ಗಂಟೆ ನಿಂತ್ರೆ ಇಸ್ತ್ರಿ ಪೆಟ್ಟಿಗೆಗೂ ಸಿಟ್ಟು ಬರುತ್ತೆ ಕಣೇ," ಎಂದು ನಕ್ಕಳು. ಆಮೇಲೆ ಕೇಳಿದಳು: "ನೀನೇನು ಬರ್ದೆ?"

'ಇಲ್ಲ' ಎಂದು ಬರೆದಿದ್ದೆ. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಹೊರಟುಬಿಟ್ಟೆ. ಹುರುಪಿನ ಬಗ್ಗೆ ಅಷ್ಟು ಕೊರೆದ ಮೇಷ್ಟ್ರು ಭಯದ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಅಕ್ಕನ ಮುಂದೆಯೇ, ಎಲ್ಲರೆದುರು ಸುಳ್ಳು ಬರೆದದ್ದನ್ನು ಒಪ್ಪಿಕೊಂಡು, 'ಹೌದು' ಎಂದು ಬರೆಯಲು ಹೊಸ ಹಾಳೆ ಕೇಳಬೇಕು. ಗುರುವಾರ, ಸಂಜೆ ಐದೂವರೆ, ಎಲ್ಲರೂ ಕೆಲಸ ಬಿಟ್ಟು ಹೊರಬರುವಾಗ, ಗೇಟಿನ ಹತ್ತಿರ.