ರಂಗಿಗೆ ಬಂದ ಕೆಂಪು

ಭಾನುವಾರ, ಮಧ್ಯಾಹ್ನ

ರಂಗಿಯ ಅಪ್ಪನವರಿಗೆ,

ನಿಮ್ಮ ಪತ್ರ, ಜೊತೆಗಿದ್ದ ಫೋಟೊ ಎರಡೂ ತಲುಪಿದವು. ಪತ್ರವನ್ನು ಒಂದೇ ಸಲ ಓದಿದೆ. ಫೋಟೊವನ್ನು ಮಾತ್ರ ಹೊಲಿಗೆ ಯಂತ್ರದ ಮೇಲಿಟ್ಟುಕೊಂಡು ಬೆಳಗಿನಿಂದ ನೋಡುತ್ತಿದ್ದೇನೆ. ಯಾರದೋ ಅಂಗಿಗೆ ತೋಳು ಉಲ್ಟಾ ಕೂತಿದೆ.

ನಮ್ಮ ಆಮೆಗೆ ಇಷ್ಟು ಕೆಂಪು ಎಲ್ಲಿಂದ ಬಂತು? ನನ್ನ ಕೈಯಲ್ಲಿದ್ದಾಗ ರಂಗಿಯ ಚಿಪ್ಪಿನ ಅಂಚು ಮಾಸಿದ ಇಟ್ಟಿಗೆಯ ಬಣ್ಣಕ್ಕಿತ್ತು. ಈಗ ದಾರದ ರೀಲುಗಳನ್ನೆಲ್ಲ ಫೋಟೊದ ಪಕ್ಕಕ್ಕಿಟ್ಟು ನೋಡಿದರೆ ಮದುವೆ ಬಟ್ಟೆಗೆ ಹಾಕುವ ಕೆಂಪೇ ಬೇಕಾಯಿತು. ಸಿಗಡಿ, ಕ್ಯಾರೆಟ್ ತಿನ್ನಿಸಿದ್ದಕ್ಕೆ ಬಣ್ಣ ಏರಿದೆ ಎಂದು ಬರೆದಿದ್ದೀರಿ. ಇಷ್ಟು ವರ್ಷ ತೊಟ್ಟಿಯ ನೀರು ಬದಲಿಸಿದವಳು ನಾನು. ಅದು ಮೈ ಕಾಯಿಸಿಕೊಳ್ಳುವ ಕಲ್ಲಿನ ಮೇಲೆ ಸರಿಯಾಗಿ ಬೆಳಕು ಬೀಳುವಂತೆ ದೀಪ ಕಟ್ಟಿದವಳು ನಾನು. ನನಗೆ ತರಿಸಲಾಗದ ಬಣ್ಣವನ್ನು ಬೇರೆ ಕೈ ತರಿಸಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಫೋಟೊದಲ್ಲಿ ರಂಗಿಯನ್ನು ಹಿಡಿದಿರುವ ಆ ಕೈ ಯಾರದೆಂದೂ ನೀವೇ ತಿಳಿಸಿದ್ದೀರಿ, ದೊಡ್ಡ ಮನಸ್ಸು. ‘ಎದುರುಗಡೆ ಬ್ಯೂಟಿ ಪಾರ್ಲರಿನವ್ರು ಸುಮ್ನೆ ಒಂದ್ನಿಮಿಷ ಹಿಡ್ಕೊಂಡಿದ್ರು’ ಅಂತ. ಸುಮ್ಮನೆ ಹಿಡಿದುಕೊಂಡವಳ ಉಗುರಿಗೂ ಚಿಪ್ಪಿನ ಅಂಚಿಗೂ ಒಂದೇ ಕೆಂಪು. ತೊಟ್ಟಿಯ ಗಾಜು ಬೇರೆ ಫಳಫಳ ಎನ್ನುತ್ತಿದೆ. ಕುಡಿದ ಲೋಟ ತೊಳೆದಿಡದ ಗಡಿಯಾರ ರಿಪೇರಿಯವರು ನೀವು, ಪಾಚಿ ತಿಕ್ಕಿದಿರೆಂದು ನಂಬುವುದಕ್ಕೆ ನನ್ನ ಕಿವಿಯ ಮೇಲೆ ಹೂವಿಟ್ಟಿದ್ದೀರಾ? ಹೌದು, ಹೊಟ್ಟೆಕಿಚ್ಚೇ. ಬೇರೆ ಹೆಸರು ಹುಡುಕುವುದಿಲ್ಲ.

ರಂಗಿ ಮೊದಲ ಸಲ ಮೊಟ್ಟೆಯಿಟ್ಟ ದಿನ ನೆನಪಿದೆಯೇ? ಗಂಡಿಲ್ಲದ ತೊಟ್ಟಿಯ ಮೊಟ್ಟೆ ಮರಿಯಾಗುವುದಿಲ್ಲ ಎಂದು ಗೊತ್ತಿದ್ದೂ, ಅಂಗಡಿಗೆ ಬಂದವರಿಗೆಲ್ಲ ‘ನಾನು ತಾತ ಆದೆ’ ಎಂದು ಹೇಳಿಕೊಂಡಿರಿ. ಅವತ್ತಿನ ನಿಮ್ಮ ಮುಖ ನೆನೆದೇ, ಜಗಳ ಸಾಕು, ತಿಂಗಳ ಕೊನೆಗೆ ಮನೆಗೆ ಬಂದುಬಿಡೋಣ ಎಂದುಕೊಂಡಿದ್ದೆ. ಅಕ್ಕನಿಗೂ ಹೇಳಿಯಾಗಿದೆ. ಅವಳ ಮನೆಯ ಈ ಕೋಣೆಯಲ್ಲಿ ನನ್ನ ಬಟ್ಟೆಗಳನ್ನು ಗಂಟು ಕಟ್ಟಿಟ್ಟಿದ್ದೇನೆ.

ಆ ಹೆಂಗಸು ಇನ್ನು ನಮ್ಮ ತೊಟ್ಟಿಗೆ ಕೈ ಹಾಕಕೂಡದು. ಹಾಕುವುದಿಲ್ಲ ಎಂದು ಒಂದು ಸಾಲು ಬರೆದು ಕಳಿಸಿ, ಬರುತ್ತೇನೆ.

ಇನ್ನೂ ನಿಮ್ಮವಳೇ ಎಂದುಕೊಂಡಿರುವ,
ರಂಗಿಯ ಅಮ್ಮ

ತಾ.ಕ.: ಲಕೋಟೆಗೆ ಗೋಂದು ಹಚ್ಚುವ ಮೊದಲು ಫೋಟೊವನ್ನು ಇನ್ನೊಮ್ಮೆ ನೋಡಿದೆ. ಅವಳ ಉಗುರನ್ನೇ ನೋಡುತ್ತಿದ್ದವಳು ಆಮೆಯ ಉಗುರನ್ನು ನೋಡಿರಲಿಲ್ಲ. ಮುಂಗಾಲಿನ ಉಗುರು ಇಷ್ಟುದ್ದ ಬೆಳೆಯುವುದು ಗಂಡಿಗೆ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂದಲಿನಂಥ ಸ್ಪ್ರಿಂಗು ಹುಡುಕುವ ನಿಮಗೆ ಅದು ಕಾಣಲಿಲ್ಲ. ಮೊಟ್ಟೆಯಿಟ್ಟ ನಮ್ಮ ರಂಗಿ ಯಾವಾಗ ಹೋದಳು? ಹೇಳಿದ್ದರೆ ಜೊತೆಗೆ ಕೂತು ಅಳಲಿಕ್ಕಾದರೂ ಬರುತ್ತಿದ್ದೆ. ಈ ಫೋಟೊದಲ್ಲಿರುವ ಇಬ್ಬರೂ ಹೊಸಬರೇ. ಕಟ್ಟಿಟ್ಟ ಗಂಟನ್ನು ಬಿಚ್ಚುತ್ತಿದ್ದೇನೆ.