ಸುಮ್ಮನಿದ್ದ ನೀರು

ಕೆಂಪೀ, ನನ್ನ ಮನೆಯವಳೇ,

ನೀನು ಹೋದ ಮೇಲೆ ನಿನ್ನ ಜೊತೆ ಮನಸ್ಸಿನಲ್ಲೇ ಎಷ್ಟು ಮಾತಾಡಿದ್ದೇನೋ ಲೆಕ್ಕವಿಲ್ಲ. ಬೊಂಬೆಗೆ ಮರ ಕಡೆಯುತ್ತಾ ಕೂತರೆ, ಕೆಲಸ ಕಲಿಸಿದ ಉಸ್ತಾದರು ಕೂಡ ಕೇಳುತ್ತಾರೆ, "ಯಾರ ಜೊತೆ ಜಗಳ ಆಡ್ತಿದ್ದೀಯ ಬೇಟಾ" ಅಂತ. ಆದರೆ ಕಾಗದ ಬರೆದವನಲ್ಲ. ಇವತ್ತು ಬರೆಯಲೇಬೇಕಾಗಿ ಬಂತು. ಒಂದು ಮಾತು ನಿನಗೆ ಬೇಗ ಮುಟ್ಟಬೇಕು, ತಡವಾದರೆ ಕೆಲಸ ಕೆಡುತ್ತದೆ. ಆದರೆ ಅದನ್ನು ಹಾಗೇ ಹೇಳಿದರೆ ನಿನಗೆ ಅರ್ಥವಾಗುವುದಿಲ್ಲ. ನೀನು ಹೋದ ಮೇಲೆ ಇಲ್ಲಿ ಏನೇನಾಯಿತೆಂದು ನಿನಗೇನು ಗೊತ್ತು?

ತಿಪ್ಪಸಂದ್ರದ ಹತ್ತಿರದ ನಿಮ್ಮೂರಿಗೆ ಹೆಣ್ಣು ನೋಡಲು ಬಂದ ದಿನ ನೆನಪಾಗುತ್ತದೆ. ಚನ್ನಪಟ್ಟಣದಿಂದ ಗಂಡಿನ ಕಡೆಯವರು ಬಂದು ಜಗಲಿಯ ಮೇಲೆ ಕೂತರೆ, ಹೆಣ್ಣೇ ಮನೆಯಲ್ಲಿಲ್ಲ! ನೀನು ಕೆರೆಯಲ್ಲಿದ್ದೆ. ನಿಮ್ಮಪ್ಪ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ನೋಡಿಕೊಳ್ಳುವವರು. ಗಂಡುಮಕ್ಕಳಿಲ್ಲದ ಮನೆ, ಆ ಕೆಲಸಕ್ಕೆಲ್ಲ ನೀನೇ ಮಗನಾಗಿದ್ದೆ. ತೂಬಿಗೆ ಸಿಕ್ಕಿಕೊಂಡಿದ್ದ ಜೊಂಡನ್ನು ಕಿತ್ತುಹಾಕಿ, ತಲೆಯಿಂದ ನೀರು ಸೋರಿಸುತ್ತಾ ನೀನು ಹಿತ್ತಲ ಬಾಗಿಲಿನಿಂದ ನುಗ್ಗಿದ್ದನ್ನು ನಾನು ಕದ್ದು ನೋಡಿದ್ದೆ. ನಮ್ಮ ಸೋದರಮಾವ ಮುಖ ಕಿವುಚಿದ. ನಿಮ್ಮಪ್ಪನಿಗೆ ಮಾತ್ರ ಹೆಮ್ಮೆ. "ನನ್ ಮಗಳು ಕೆರೇನ ಈ ದಡದಿಂದ ಆ ದಡಕ್ಕೆ ದಾಟ್ತಾಳೆ, ಗೊತ್ತಾ?" ಅಂದರು. ಬಾವಿಗೆ ಬಗ್ಗಿ ನೋಡಲೂ ಹೆದರುವ ನಾನು ಜಗಲಿಯ ಮೇಲೆ ಒಸಿ ಹಿಂದಕ್ಕೆ ಸರಿದು ಕೂತೆ.

ಮದುವೆಯಾದ ಹೊಸದರಲ್ಲಿ ನನಗೂ ಈಜು ಕಲಿಸುತ್ತೇನೆಂದು ಪಟ್ಟು ಹಿಡಿದಿದ್ದೆಯಲ್ಲ. ಕೆರೆಯ ಏರಿಯ ಮೇಲೆ ನನ್ನನ್ನು ನಿಲ್ಲಿಸಿಕೊಂಡು, ನಿಮ್ಮಪ್ಪ ಹೇಳಿಕೊಟ್ಟಿದ್ದನ್ನು ಅವರದೇ ದನಿಯಲ್ಲಿ ನನಗೆ ಹೇಳಿದ್ದೆ. "ಸುತ್ತೋ ನೀರು, ಕುದಿಯೋ ನೀರು ಕಂಡ್ರೆ ಅತ್ಲಾಗೆ ಹೋಗ್ಬ್ಯಾಡ ಕಣವ್ವಾ, ಅದರ ಕೆಳಗೆ ತೂಬು ಬಾಯಿ ತಕ್ಕೊಂಡು ಕುಂತಿರ್ತದೆ. ಸುಮ್ಕಿರೋ ನೀರ್ನಾಗೆ ಇಳಿ, ಅದು ಯಾರ್ನೂ ತಿನ್ನಾಕಿಲ್ಲ." ನಾನು ಮೊಣಕಾಲಿನವರೆಗೆ ಇಳಿದು ವಾಪಸ್ಸು ಓಡಿ ಬಂದೆ. ನೀನು ನೀರಿನಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ರಾಮೇಶ್ವರದ ಅಂಗಡಿಯವರೊಬ್ಬರು ಯಾತ್ರಿಕರಿಗೆ ಮಾರಲು ಬೊಂಬೆ ಬೇಕೆಂದು ಉಸ್ತಾದರಿಗೆ ಹೇಳಿಕಳುಹಿಸಿದ್ದು ನಿನ್ನ ಕಿವಿಗೆ ಬಿದ್ದದ್ದೇ ತಪ್ಪಾಯಿತೋ ಏನೋ. ಪೆಟ್ಟಿಗೆಗಳ ಜೊತೆ ನಾನು ಹೋಗಬೇಕಿತ್ತು. ನೀನೂ ಬರುತ್ತೇನೆಂದು ಹಟ ಹಿಡಿದೆ. "ಸಮುದ್ರ ಅಂದ್ರೆ ನಮ್ ಕೆರೆಗಿಂತ ದೊಡ್ಡದಾ? ಆ ದಡ ಕಾಣಾಕಿಲ್ವಾ?" ಎಂದು ಮಗುವಿನ ಹಾಗೆ ಕೇಳುತ್ತಿದ್ದೆ. ಆಷಾಢದಲ್ಲಿ ಹೆಂಗಸರು ಹಾಗೆಲ್ಲ ದೂರ ಹೋಗುವುದಿಲ್ಲವೆಂದು ನಿಮ್ಮವ್ವ ಅಂದರು. ನೀನು ಕೇಳಿದೆಯಾ? ಬೆಂಗಳೂರಿನಲ್ಲಿ ಇಳಿದು, ಮಧುರೆಯಲ್ಲಿ ಇಳಿದು, ಕೊನೆಗೆ ಆ ಕಡಲಿನ ಸೇತುವೆಯ ಮೇಲೆ ರೈಲು ನಿಧಾನವಾಗಿ ಹರಿಯುವಾಗ ನೀನು ಕಿಟಕಿಗೆ ಮುಖ ಒತ್ತಿ ಮಾತೇ ಆಡದೆ ಕೂತಿದ್ದೆ. ನೀನು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ದ್ವೀಪದ ತುದಿಯ ಆ ಮರಳಿಗೆ ನಾವು ಇಳಿದ ಬೆಳಿಗ್ಗೆ ಮಳೆಯಿರಲಿಲ್ಲ, ಮೋಡವೂ ಇರಲಿಲ್ಲ. ಗಾಳಿ ಮಾತ್ರ. ತೆಂಕಣದಿಂದ ಬೀಸುವ ಗಾಳಿಗೆ ಮರಳು ಎದ್ದು ಕಾಲಿಗೆ ಚುರುಚುರು ಹೊಡೆಯುತ್ತಿತ್ತು, ನಿನ್ನ ಸೆರಗು ನಿಲ್ಲುತ್ತಿರಲಿಲ್ಲ. ಅಲೆಗಳು ಸಾಲುಸಾಲಾಗಿ ಬಂದು, ದಡದಿಂದ ಒಸಿ ದೂರದಲ್ಲೇ ಎದ್ದು ನಿಂತು ಮುರಿದು ಬೀಳುತ್ತಿದ್ದವು. ಆ ಸದ್ದಿಗೆ ನಾನು ಏನು ಹೇಳಿದರೂ ನಿನಗೆ ಕೇಳುತ್ತಿರಲಿಲ್ಲ. ನೀನು ಸೊಂಟಕ್ಕೆ ಕೈಯಿಟ್ಟು, ನಿಮ್ಮಪ್ಪ ಏರಿಯ ಮೇಲೆ ನಿಲ್ಲುವ ಹಾಗೇ ನಿಂತು, ನೀರನ್ನು ಬಹಳ ಹೊತ್ತು ನೋಡಿದೆ. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: "ಅಲ್ ನೋಡಿ, ಆ ಪಕ್ಕ ಈ ಪಕ್ಕ ಕುದೀತಾ ಐತೆ. ನಡುಮಧ್ಯ ನಮ್ ಕೆರೆ ಥರಾನೇ ಸುಮ್ಕೈತೆ. ಅಪ್ಪ ಯೋಳ್ಕೊಟ್ಟೈತಲ್ಲ, ಅಲ್ಲೇ ಒಂದ್ ಮುಳುಗು ಹಾಕಿ ಬಂದ್ಬುಡ್ತೀನಿ." ನಿಜ, ಎರಡು ಕಡೆ ನೊರೆಯೆದ್ದು ಬೀಳುತ್ತಿದ್ದ ಅಲೆಗಳ ನಡುವೆ ಒಂದು ಓಣಿಯಷ್ಟು ಅಗಲಕ್ಕೆ ಅಲೆಯೇ ಇರಲಿಲ್ಲ. ಅಲ್ಲಿ ನೀರು ಒಸಿ ಕಂದು ಬಣ್ಣಕ್ಕಿತ್ತು ಅಷ್ಟೇ. ನನಗೇನು ಗೊತ್ತು? ಹುಷಾರು ಅಂದೆ.

ನೀನು ಸೊಂಟದ ನೀರಿನವರೆಗೆ ಹೋಗಿ ತಿರುಗಿ ನನ್ನ ಕಡೆ ಕೈ ಆಡಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರುಕ್ಷಣಕ್ಕೆ ನೀನು ಆಗಲೇ ದೂರವಿದ್ದೆ. ಯಾರೂ ನೂಕಲಿಲ್ಲ, ಅಲೆ ಹೊಡೆಯಲಿಲ್ಲ, ಸುಮ್ಮನೆ ದೂರ ಹೋಗಿಬಿಟ್ಟಿದ್ದೆ. ನೀನು ನನ್ನ ಕಡೆಗೇ, ನೇರವಾಗಿ, ಕೈ ಬೀಸಿ ಬೀಸಿ ಈಜುತ್ತಿದ್ದೆ. ಕೆರೆಯಲ್ಲಿ ಅಷ್ಟು ಕೈ ಹಾಕಿದ್ದರೆ ನೀನು ಎರಡು ಸಲ ದಡ ಸೇರುತ್ತಿದ್ದೆ. ಅಲ್ಲಿ ಇದ್ದ ಜಾಗದಿಂದಲೂ ಹಿಂದಕ್ಕೆ ಹೋಗುತ್ತಿದ್ದೆ. ಬಲೆ ಒಣಗಿಸುತ್ತಿದ್ದ ಬೆಸ್ತರು ಓಡಿ ಬಂದು ತಮಿಳಿನಲ್ಲಿ ಏನೋ ಕೂಗುತ್ತಾ, ಕೈಯನ್ನು ಪಕ್ಕಕ್ಕೆ, ಪಕ್ಕಕ್ಕೆ ಬೀಸುತ್ತಿದ್ದರು. ಪಕ್ಕಕ್ಕೆ ಈಜು ಅನ್ನುತ್ತಿದ್ದರೆಂದು ಆಗ ನನಗೆ ತಿಳಿಯಲಿಲ್ಲ, ನಿನ್ನನ್ನು ಕರೆಯುತ್ತಿದ್ದಾರೆಂದುಕೊಂಡು ನಾನೂ "ಬಾರೇ, ನೇರ ಬಾರೇ" ಎಂದು... ಅವರು ದೋಣಿ ನೂಕಿಕೊಂಡು ಹೋಗುವ ಹೊತ್ತಿಗೆ...

ಕಡಲು ನಿನ್ನನ್ನು ವಾಪಸ್ಸು ಕೊಡಲೇ ಇಲ್ಲ. ಬೆಸ್ತರು ಎಷ್ಟೋ ಹುಡುಕಿದರು. ಅಂಗಡಿಯವರು ನನ್ನನ್ನು ಹಿಡಿದು ರೈಲು ಹತ್ತಿಸಿದರು.

ನಿಮ್ಮೂರಿಗೆ ಒಬ್ಬನೇ ಬಂದ ದಿನ ನಿಮ್ಮಪ್ಪ ಅಳಲಿಲ್ಲ ಕೆಂಪೀ. ನಾನು ಹೇಳಿದ್ದನ್ನೆಲ್ಲ ಕೇಳಿ, "ಎಷ್ಟುದ್ದ ನೀರಿತ್ತು?" ಅಂದರು. ಸೊಂಟದವರೆಗೆ ಅಂದೆ. ನನ್ನ ಮುಖವನ್ನೇ ನೋಡಿ ಎದ್ದು ಹೋದರು. ಸೊಂಟದ ನೀರಿನಲ್ಲಿ ಕೆಂಪಿ ಮುಳುಗಿದಳೆಂದರೆ ನಿಮ್ಮೂರಿನಲ್ಲಿ ಯಾರು ನಂಬುತ್ತಾರೆ? ಸಮುದ್ರ ನೋಡಿದವರು ಅಲ್ಲಿ ಯಾರಿದ್ದಾರೆ? ಗಂಡ ಏನೋ ಹಿಂಸೆ ಕೊಟ್ಟಿರಬೇಕು, ಅದಕ್ಕೇ ತಾನಾಗಿ ಕೈಕಾಲು ಬಿಟ್ಟಳು ಅಂದರು. ತಾನಾಗಿ ಜೀವ ಕಳೆದುಕೊಂಡವರಿಗೆ ನಿಮ್ಮ ವಂಶದಲ್ಲಿ ಎಡೆ ಇಡುವುದಿಲ್ಲವಂತೆ. ಪಿತೃಪಕ್ಷದಲ್ಲಿ ಸತ್ತವರಿಗೆಲ್ಲ ಎಲೆ ಹಾಕಿ, ಬಟ್ಟೆಯಿಟ್ಟು, ಹೆಸರು ಹಿಡಿದು ಕರೆದರು. ನಿನ್ನನ್ನು ಕರೆಯಲಿಲ್ಲ. ನಿಮ್ಮವ್ವ ಒಲೆಯ ಮುಂದೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಅದೇ ಕೊರಗಿನಲ್ಲಿ ವರ್ಷ ತುಂಬುವುದರೊಳಗೆ ಅವರೂ ಹೋದರು. ಅವರು ಅಲ್ಲಿಗೆ ಬಂದ ಮೇಲೆ ನೀನು ಅವರನ್ನು ಸಮಾಧಾನ ಮಾಡಿರುತ್ತೀಯ.

ಜನ ಅಂದದ್ದು ಬಿಡು. ನಾನೇ ನಿನ್ನನ್ನು ಎಷ್ಟು ಸಲ ಕೇಳಿದ್ದೇನೆ. ಬೊಂಬೆಗೆ ಬಣ್ಣದ ಅರಗು ಒತ್ತುತ್ತಾ ಕೂತಾಗ ಕೈ ನಿಂತುಬಿಡುತ್ತಿತ್ತು. ಮಧುರೆಯಲ್ಲಿ ತಿಂಡಿಯ ವಿಷಯಕ್ಕೆ ನಾನು ರೇಗಿದ್ದೆನಲ್ಲ, ಅದಕ್ಕೇನಾದರೂ...? ನನ್ನ ಜೊತೆ ಅಷ್ಟು ಬೇಸರವಿತ್ತಾ? ಈಜು ಬರುವ ನೀನು ಯಾಕೆ ಬರಲಿಲ್ಲ? ಹೇಳು, ಬೇಕಂತಲೇ ಹೋದೆಯಾ? ಇದನ್ನು ಯಾರ ಹತ್ತಿರ ಕೇಳಲಿ?

ಉಸ್ತಾದರು ಒಂದು ಮಧ್ಯಾಹ್ನ ನನ್ನ ಕೈಯಿಂದ ಉಳಿ ಕಿತ್ತುಕೊಂಡು ಕೆಳಗಿಟ್ಟರು. "ನಿನ್ ಮಾವ ನೀರು ನೋಡ್ಕಂಡೇ ಮುದುಕ ಆದೋರು. ಅವರಿಗೆ ಬಾಯಲ್ಲಿ ಹೇಳಿದ್ರೆ ಏನ್ ಪ್ರಯೋಜನ? ಕರ್ಕಂಡು ಹೋಗು. ಅವರೇ ನೋಡ್ಲಿ" ಅಂದರು. ನಿಮ್ಮಪ್ಪ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಸಾಯುವ ಮುಂಚೆ ನಿಮ್ಮವ್ವ ಅವರಿಂದ ಭಾಷೆ ತೆಗೆದುಕೊಂಡಿದ್ದರಂತೆ, ಮಗಳು ಹೋದ ಜಾಗದಲ್ಲಿ ಒಂದು ಬಾಗಿನವನ್ನಾದರೂ ಬಿಟ್ಟು ಬಾ ಎಂದು. ನೀನು ಹೋದ ಆಷಾಢವೇ ಮತ್ತೆ ಬಂದಾಗ, ನಿಮ್ಮೂರಿಗೆ ಹತ್ತಿರದ ಕ್ಲೋಸ್‌ಪೇಟೆ ಸ್ಟೇಷನ್ನಿನಲ್ಲಿ ಮೊರವನ್ನು ಬಟ್ಟೆಯಲ್ಲಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ರೈಲು ಹತ್ತಿದರು. ದ್ವೀಪ ಮುಟ್ಟುವವರೆಗೂ ನನ್ನ ಜೊತೆ ಒಂದು ಮಾತಿಲ್ಲ. ಮೊದಲು ಬಾಯಿ ತುಂಬ "ಅಳಿಯಂದ್ರೇ" ಅನ್ನುತ್ತಿದ್ದವರು ನೀರು ಬೇಕಾದರೆ ಖಾಲಿ ಚೊಂಬನ್ನು ನನ್ನ ಮುಂದೆ ಕುಕ್ಕುತ್ತಿದ್ದರು.

ಆ ದಡದಲ್ಲಿ ಅವತ್ತೂ ಅದೇ ಗಾಳಿ, ಅದೇ ಅಲೆ. ನಿಮ್ಮಪ್ಪ ಮೊರವನ್ನು ಬಿಚ್ಚಿದರು. ಬಳೆ, ಅರಿಸಿನ, ಕುಂಕುಮ, ಕಾಯಿ, ರವಿಕೆ ಕಣ. ಹತ್ತಿರವಿದ್ದ ಅಲೆಗೆ ಅದನ್ನು ಒಪ್ಪಿಸಿದರು. ಅಲೆ ಮುರಿದು ಬಿದ್ದು, ಕಾಯಿಯನ್ನೂ ಮೊರವನ್ನೂ ತಂದು ಅವರ ಕಾಲ ಮೇಲೇ ಹಾಕಿತು. ಮತ್ತೆ ಬಿಟ್ಟರು, ಮತ್ತೆ ಬಂತು. "ಬ್ಯಾಡ ಅಂತವ್ಳೆ," ಅಂದರು ನಿಮ್ಮಪ್ಪ. ಆ ದನಿ ನಾನು ಕೇಳಬಾರದಿತ್ತು. "ಅಪ್ಪನ ಕೈಯ್ಯಿಂದ ಬ್ಯಾಡ ಅಂತವ್ಳೆ."

ಆಮೇಲೆ ಅವರು ಮೊರವನ್ನು ಎದೆಗೆ ಅವುಚಿಕೊಂಡು ದಡದ ಮೇಲೆ ನಡೆದರು. ನೀರನ್ನು ನೋಡುತ್ತಾ ನೋಡುತ್ತಾ, ಎಲ್ಲಿ ಅಲೆಯಿಲ್ಲವೋ ಅಲ್ಲಿಗೆ ಹೋಗಿ ನಿಂತರು. ಬಗ್ಗಿ, ತೊಟ್ಟಿಲಿಗೆ ಮಗು ಇಡುವ ಹಾಗೆ ಮೊರವನ್ನು ನೀರಿಗಿಟ್ಟರು. ಅದು ಹೊರಟುಬಿಟ್ಟಿತು ಕೆಂಪೀ. ಮನುಷ್ಯ ಬಿರುಸಾಗಿ ನಡೆದ ಹಾಗೆ, ಹಿಂದೆ ತಿರುಗದೆ, ಅಲೆಗಳ ಆಚೆಗೆ.

ನಿಮ್ಮಪ್ಪ ನಿಂತಲ್ಲೇ ನಿಂತರು. ಒಂದು ಹಿಡಿ ಪಾಚಿ ಎತ್ತಿ ಅಲ್ಲೇ ಎಸೆದರು. ಅದೂ ಹೋಯಿತು. ಪಕ್ಕದ ಅಲೆಗೆ ಎಸೆದರು. ಅದು ವಾಪಸ್ಸು ಬಂತು. ಮೊಣಕಾಲ ನೀರಿಗಿಳಿದು, ಕಾಲ ಕೆಳಗಿನ ಮರಳು ಸರಿಯುವುದನ್ನು ಕಣ್ಣು ಮುಚ್ಚಿ ನೋಡಿದರು. ಹಾಗೇ ನನ್ನ ರಟ್ಟೆ ಹಿಡಿದುಕೊಂಡರು. ನೀನು ಹೋದ ಮೇಲೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. "ಲೇ, ಇಲ್ಲಿ ತೂಬೈತೆ ಕಣ್ಲಾ," ಅಂದರು. "ಆ ಅಲೆ ಎಲ್ಲ ತಂದು ಸುರಿದ ನೀರು ವಾಪಸ್ ಹೋಗಾಕೆ ದಾರಿ ಬ್ಯಾಡ್ವಾ? ಇದೇ ದಾರಿ. ಕೆರೇಲಿ ತೂಬಿನ್ ಮ್ಯಾಲೆ ನೀರು ಕುದೀತದೆ. ಈ ಹಾಳಾದ್ ಕಡಲ್ನಾಗೆ ತೂಬಿನ್ ಮ್ಯಾಲೇ ಸುಮ್ಕಿರ್ತದೆ. ಎಂಥ ಈಜುಗಾರ್ತಿ ಆದ್ರೂ ಎಳ್ಕಂಡ್ ಹೋಯ್ತದೆ."

ನಾನು ಮರಳಿನ ಮೇಲೆ ಕುಸಿದು ಕೂತು ಗಳಗಳ ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷಕ್ಕೆ ಅತ್ತೆ. ನೀನು ನನ್ನನ್ನು ಬಿಟ್ಟು ಹೋದದ್ದಲ್ಲ. ನೀನು ನನ್ನ ಕಡೆಗೇ ಬರುತ್ತಿದ್ದೆ, ಕೊನೆಯವರೆಗೂ.

ಕಣ್ಣೊರೆಸಿಕೊಂಡು ತಲೆಯೆತ್ತಿದರೆ ನಿಮ್ಮಪ್ಪನ ಮುಖ ಬೂದಿಯಾಗಿತ್ತು. ಅವರು ಆ ಸುಮ್ಮನಿದ್ದ ನೀರನ್ನೇ ನೋಡುತ್ತಿದ್ದರು. "ಅಷ್ಟುದ್ದ ದಡ ಬಿಟ್ಟು ಅವಳು ಇಲ್ಲಿಗೇ ಯಾಕ್ಲಾ ಇಳಿದ್ಲು?" ಅಂದರು. ಕೇಳಿದ ದನಿಯಲ್ಲೇ ಉತ್ತರ ಅವರಿಗೆ ಗೊತ್ತಾಗಿದೆಯೆಂದು ತಿಳಿಯಿತು. "ಸುಮ್ಕಿರೋ ನೀರ್ನಾಗೆ ಇಳಿ ಅಂತ ಅವಳಿಗೆ ಯೋಳ್ಕೊಟ್ಟೋನು..." ಎಂದು ಶುರು ಮಾಡಿದರು, ಮುಗಿಸಲಾಗಲಿಲ್ಲ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ನೀನು ನನ್ನ ಕಿವಿಯಲ್ಲಿ ಕೂಗಿದ ಮಾತು ಕೇಳಿದ್ದು ನಾನೊಬ್ಬನೇ. ಜನ ನನ್ನ ಮೇಲೆ ಹೊರಿಸಿದ್ದೆಲ್ಲ ಆಗಷ್ಟೇ ಇಳಿದಿತ್ತು, ಹಗುರವಾಗಿ ಉಸಿರೆಳೆದುಕೊಂಡಿದ್ದೆ.

"ಅಲ್ಲ ಮಾವ," ಅಂದೆ. "ನಾನೇ ಇಲ್ಲಿ ಇಳಿ ಅಂದಿದ್ದು. ಅವಳು ಬ್ಯಾಡ ಅಂದ್ಲು. ಈ ನೀರು ಯಾಕೋ ಸರಿ ಇಲ್ಲ ಅಂದ್ಲು. ನನಗೇನ್ ನೀರು ಗೊತ್ತು? ಹೆದರ್ಕಂತೀಯಾ ಅಂತ ರೇಗಿಸಿಬುಟ್ಟೆ."

ನಿಮ್ಮಪ್ಪ ನನ್ನನ್ನು ಹೊಡೆದರು. ಎರಡೂ ಕೈಯಲ್ಲಿ, ಎದೆಗೆ, ಬೆನ್ನಿಗೆ, ಸುಸ್ತಾಗುವವರೆಗೆ. ಬೆಸ್ತರು ಬಂದು ಬಿಡಿಸಿದರು. ಆಮೇಲೆ ಏದುಸಿರು ಬಿಡುತ್ತಾ ಇನ್ನೊಂದು ಸಲ ಕೇಳಿದರು, "ನಿಜವಾಗ್ಲೂ ಬ್ಯಾಡ ಅಂದ್ಲಾ?" ಹೌದು ಅಂದೆ. "ಅವಳಿಗೆ ಗೊತ್ತಾಯ್ತು ನೋಡು," ಅಂದರು, ಅಳುತ್ತಾ. "ನನ್ ಮಗಳಿಗೆ ಕಡಲ ನೀರೂ ಗೊತ್ತಾಯ್ತು."

ಊರಿಗೆ ಬಂದವರೇ ಅರಳಿಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಹೇಳಿದರು, ನನ್ನ ಮಗಳು ತಾನಾಗಿ ಜೀವ ಕಳೆದುಕೊಂಡವಳಲ್ಲ, ನೀರು ಎಳೆದುಕೊಂಡದ್ದು ಎಂದು. ಆ ವರ್ಷದ ಎಡೆಗೆ ನಿನಗೆ ಹಸಿರು ಸೀರೆ ಇಟ್ಟರಂತೆ, ನಿನ್ನ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಕರೆದರಂತೆ. ನನಗೆ ಕರೆಯಿರಲಿಲ್ಲ, ಆದ್ದರಿಂದ ನೋಡಲಿಲ್ಲ. ಅಲ್ಲಿಂದೀಚೆಗೆ ನಿಮ್ಮಪ್ಪ ಎರಡು ಹೊತ್ತು ಉಣ್ಣುತ್ತಿದ್ದರು, ತೂಬಿನ ಕೆಲಸಕ್ಕೆ ಹೋಗುತ್ತಿದ್ದರು. ನಿಮ್ಮೂರ ಕಡೆ ಹೋದಾಗ ನಾನು ಎದುರಿಗೆ ಸಿಕ್ಕರೆ ಉಗಿದು ದಾರಿ ಬದಲಿಸುತ್ತಿದ್ದರು. ನೋವಾಗಲಿಲ್ಲವೆಂದರೆ ಸುಳ್ಳು. ತುಂಬಾ ನೋವಾಗುತ್ತಿತ್ತು. ಆದರೆ ಮುದುಕ ಉಣ್ಣುತ್ತಿದ್ದಾನಲ್ಲ ಎಂದುಕೊಂಡು ಚನ್ನಪಟ್ಟಣದ ಗಾಡಿ ಹತ್ತುತ್ತಿದ್ದೆ.

ಈಗ ನಿನಗೆ ಮುಟ್ಟಬೇಕಾದ ಮಾತು. ಮೊನ್ನೆ ನಿಮ್ಮಪ್ಪ ಹೋದರು. ಜ್ವರ ಬಂದು ಮಲಗಿದವರು ಏಳಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ, ಹಿಂದೆ ನಿಂತಿದ್ದೆ. ಇವತ್ತು ಹಾಲುತುಪ್ಪ ಬಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಇಷ್ಟರಲ್ಲೇ ಅವರು ನಿನ್ನ ಹತ್ತಿರ ಬರುತ್ತಾರೆ. ನಿನ್ನನ್ನು ಕಂಡವರೇ ತಬ್ಬಿಕೊಂಡು ಅಳುತ್ತಾರೆ, ಆಮೇಲೆ ಅದನ್ನೇ ಕೇಳುತ್ತಾರೆ, ನನಗೆ ಗೊತ್ತು. ನೀನು ಅಪ್ಪನ ಮುಂದೆ ಯಾವತ್ತೂ ಸುಳ್ಳು ಹೇಳಿದವಳಲ್ಲ. ಒಂದೇ ಒಂದು ಸಲ ಹೇಳಿಬಿಡು. ನಾನು ಬ್ಯಾಡ ಅಂದೆ ಅಪ್ಪಾ, ಅವರೇ ಕೇಳಲಿಲ್ಲ ಅನ್ನು. ನಾನು ಅಲ್ಲಿಗೆ ಬಂದಾಗ ಅವರು ಮತ್ತೆ ಹೊಡೆಯಲಿ, ನೀನು ಬಿಡಿಸಬೇಡ.